ಲಿವರ್ ಕೆಟ್ಟ ನಾಯಿಗೆ ಲಿವರ್ ತಿನ್ನಿಸಿದರೆ ಗುಣವಾಗುತ್ತದೆಯೇ?

ನಾಯಿಗೆ ಕಾಮಾಲೆ ಬಂದರೆ ಕುರಿ ಲಿವರ್ ಬೇಯಿಸಿ ಹಾಕಿ, ಕಬ್ಬಿನ ಹಾಲು ಕುಡಿಸಿ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯಂಥ ಕಬ್ಬಿನ ಸೀಮೆಯಲ್ಲಿ ಇವೆರಡೂ ಸುಲಭವಾಗಿ ಸಿಗುತ್ತವೆ. ಆದರೆ ಮೊದಲನೆಯದು ಅಪಾಯ, ಎರಡನೆಯದು ಔಷಧವೇ ಅಲ್ಲ.

ಲಿವರ್‌ನಲ್ಲಿ ತಾಮ್ರದ ಅಂಶ ಬಹಳ. ಆರೋಗ್ಯವಂತ ನಾಯಿ ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. ಯಕೃತ್ತು ಕೆಟ್ಟಾಗ ಅದು ಅಲ್ಲೇ ಶೇಖರವಾಗಿ ಇನ್ನಷ್ಟು ಹಾನಿ ಮಾಡಬಹುದು. ಲ್ಯಾಬ್ರಡಾರ್, ಡಾಬರ್‌ಮನ್, ಡಾಲ್ಮೇಷಿಯನ್ ತಳಿಗಳಲ್ಲಿ ಈ ತೊಂದರೆ ಹೆಚ್ಚು. ಕಬ್ಬಿನ ಹಾಲು ಬರೀ ಸಕ್ಕರೆ ನೀರು. ಜಾಸ್ತಿ ಕುಡಿಸಿದರೆ ಭೇದಿ ಶುರುವಾಗುತ್ತದೆ.

ಮಾಂಸ, ಮೊಟ್ಟೆ ಪೂರ್ತಿ ನಿಲ್ಲಿಸಿ ಎನ್ನುವ ಮಾತೂ ಎಲ್ಲ ನಾಯಿಗಳಿಗೆ ಹೊಂದುವುದಿಲ್ಲ. ಪ್ರೋಟೀನ್ ಜೀರ್ಣವಾದಾಗ ಅಮೋನಿಯಾ ಹುಟ್ಟುತ್ತದೆ. ಯಕೃತ್ತು ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಈ ಕೆಲಸ ನಿಂತರೆ ಅಮೋನಿಯಾ ಮೆದುಳಿಗೆ ಏರುತ್ತದೆ: ಊಟವಾದ ಮೇಲೆ ನಾಯಿ ಮಂಕಾಗುತ್ತದೆ, ಸುತ್ತಿದಲ್ಲೇ ಸುತ್ತುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಅಂಥ ನಾಯಿಗಳಿಗೆ ಮಾತ್ರ ವೈದ್ಯರು ಪ್ರೋಟೀನ್ ಕಡಿಮೆ ಮಾಡಿಸುತ್ತಾರೆ. ಉಳಿದವಕ್ಕೆ ಪ್ರೋಟೀನ್ ಬೇಕೇ ಬೇಕು. ಸಿಗದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ, ಅದರಿಂದಲೂ ಅಮೋನಿಯಾ ಹುಟ್ಟುತ್ತದೆ. ಕೆಂಪು ಮಾಂಸಕ್ಕಿಂತ ಮೊಟ್ಟೆ, ಮೊಸರು, ಉಪ್ಪಿಲ್ಲದ ಪನೀರ್ ಇಂಥ ನಾಯಿಗಳಿಗೆ ಹೆಚ್ಚು ಒಗ್ಗುತ್ತವೆ.

ಹಾಗಾದರೆ ಏನು ಹಾಕಬೇಕು?

ಮೆತ್ತಗೆ ಬೇಯಿಸಿದ ಅನ್ನ, ಒಗ್ಗರಣೆ ಹಾಕದ ಮೊಸರನ್ನ, ಬೇಯಿಸಿದ ಮೊಟ್ಟೆ. ಒಂದೇ ಸಲ ತಟ್ಟೆ ತುಂಬ ಹಾಕುವ ಬದಲು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಬಿಸ್ಕತ್ತಿನ ಬದಲು ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್, ಹುರುಳಿಕಾಯಿ, ಬೀಜ ತೆಗೆದ ಸೇಬು ಅಥವಾ ಕಲ್ಲಂಗಡಿಯ ಚೂರು ಸಾಕು. ಇದು ಕೆಲವು ದಿನಗಳ ಮಟ್ಟಿಗೆ. ತಿಂಗಳುಗಟ್ಟಲೆ ಮನೆ ಊಟವೇ ಆದರೆ ಪೋಷಕಾಂಶ ಕೊರತೆಯಾಗುತ್ತದೆ, ಪಶುವೈದ್ಯರಿಂದ ಪಟ್ಟಿ ಬರೆಸಿಕೊಳ್ಳಿ.

ನಮ್ಮ ಕಡೆ ನಾಯಿಗೆ ಹಿಟ್ಟು ಮುರಿದು ಮಿಕ್ಕ ಸಾರು ಸುರಿಯುವುದು ರೂಢಿ. ಹಿಟ್ಟಿನದು ತಪ್ಪಿಲ್ಲ, ತಕರಾರು ಇರುವುದು ಸಾರಿನದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಅದನ್ನು ಹೆಚ್ಚಿಸುತ್ತದೆ. ಸೋಸಿ ಹಾಕಿದರೂ ಸಾರಿನಲ್ಲಿ ಅವು ಇದ್ದೇ ಇರುತ್ತವೆ.

ಬೂಸ್ಟು ಹಿಡಿದ ಕಡಲೆಕಾಯಿ, ಜೋಳ, ಹಿಂಡಿ, ಹಳೇ ನಾಯಿ ಆಹಾರ ಇವಂತೂ ಬೇಡವೇ ಬೇಡ. ಬೂಸ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ನೇರವಾಗಿ ಯಕೃತ್ತನ್ನೇ ಕೊಲ್ಲುತ್ತದೆ, ಅಡುಗೆಮನೆಯ ಬೇಯಿಸುವಿಕೆಗೆ ಬಗ್ಗುವುದಿಲ್ಲ. ‘ಮನುಷ್ಯರು ತಿನ್ನಲ್ಲ, ನಾಯಿಗೆ ಹಾಕೋಣ’ ಅನ್ನುವುದೇ ಇಲ್ಲಿ ದೊಡ್ಡ ತಪ್ಪು. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಕೂಡ ಯಕೃತ್ತಿಗೆ ವಿಷ. ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ನುಂಗಿಸಬೇಡಿ. ನೆಲನೆಲ್ಲಿ ಕಷಾಯವೋ ನಾಟಿ ಔಷಧವೋ ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಚಿಕಿತ್ಸೆ ಅದರ ಮೇಲೆ ಬದಲಾಗಬಹುದು.

ಇನ್ನೊಂದು ವಿಷಯ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಕಬ್ಬಿನ ಗದ್ದೆ, ಭತ್ತದ ಗದ್ದೆಯಲ್ಲಿ ಓಡಾಡುವ ನಾಯಿಗೆ ಕಾಮಾಲೆ ಬಂದರೆ ಅದು ಇಲಿ ಜ್ವರವೂ ಆಗಿರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ಲೆಪ್ಟೊಸ್ಪೈರಾ ರೋಗಾಣು ನಾಯಿಯ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಿಡಿಯುತ್ತದೆ. ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ಇದಕ್ಕೆ ಪಥ್ಯ ಸಾಲದು, ಆ್ಯಂಟಿಬಯಾಟಿಕ್ ಬೇಕು. ಉಣ್ಣೆಯಿಂದ ಬರುವ ಜ್ವರ, ವೈರಸ್, ವಿಷ, ಗೆಡ್ಡೆ ಹೀಗೆ ಕಾರಣಗಳು ಇನ್ನೂ ಹಲವು. ರಕ್ತಪರೀಕ್ಷೆ, ಸ್ಕ್ಯಾನ್ ಆಗದೆ ಯಾವುದೆಂದು ತಿಳಿಯದು. ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಹೆಚ್ಚಿನ ತಪಾಸಣೆ ಬೇಕಾದರೆ ಹಾಸನದಲ್ಲಿ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯವರೆಗೆ ಮೂತ್ರ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಕಣ್ಣಿನ ಬಿಳಿಭಾಗ, ಒಸಡು, ಕಿವಿಯ ಒಳಚರ್ಮ ಹಳದಿಯಾಗಿದ್ದರೆ, ಮಲ ಕಪ್ಪಗಿದ್ದರೆ, ಫಿಟ್ಸ್ ಬಂದರೆ ನಾಳೆಗೆ ಕಾಯಬೇಡಿ, ಅಂದೇ ಹೊರಡಿ. ಹೋಗುವಾಗ ಕಳೆದ ಎರಡು ದಿನ ನಾಯಿ ಏನೇನು ತಿಂದಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.