ಜಪಾನಿನಲ್ಲಿ ವೃದ್ಧರ ಸಾರ್ವಜನಿಕ ಆರೋಗ್ಯ: ಇತಿಹಾಸ

ವಯಸ್ಸಾದವರಿಗೆ ಕಾಯಿಲೆ ಬರದಂತೆ ತಡೆಯುವುದು, ಬಂದಾಗ ಚಿಕಿತ್ಸೆ ಕೊಡುವುದು, ಕೈಕಾಲು ಸೋತಾಗ ನೋಡಿಕೊಳ್ಳುವುದು ಎಂಬ ಮೂರು ಕೆಲಸಗಳನ್ನು ಜಪಾನ್ 20ನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಯ ಪಾಲಿನಿಂದ ಸಮಾಜದ ಪಾಲಿಗೆ ತಂದುಕೊಂಡಿತು. ಜನಸಂಖ್ಯೆಯಲ್ಲಿ 65 ದಾಟಿದವರ ಪಾಲು ಶೇ. 7ರಿಂದ ಶೇ. 14ಕ್ಕೆ ಏರಲು ಫ್ರಾನ್ಸಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಪಾನಿನಲ್ಲಿ 1970ರಿಂದ 1994ರವರೆಗಿನ 24 ವರ್ಷಗಳಲ್ಲೇ ಅದು ಆಗಿಹೋಯಿತು. 2023ರ ಹೊತ್ತಿಗೆ ಈ ಪಾಲು ಶೇ. 29 ದಾಟಿತ್ತು. ಇಷ್ಟು ಬೇಗ ಮುಪ್ಪಾದ ದೊಡ್ಡ ದೇಶ ಅದಕ್ಕೆ ಮುಂಚೆ ಇರಲಿಲ್ಲವಾದ್ದರಿಂದ ಅದರ ಗೆಲುವನ್ನೂ ಎಡವಟ್ಟನ್ನೂ ಇತರ ದೇಶಗಳು ಗಮನವಿಟ್ಟು ನೋಡುತ್ತ ಬಂದಿವೆ. ಈ ಇತಿಹಾಸದಲ್ಲಿ ಹೊಸ ದಾರಿಗಳು ಹೆಚ್ಚಾಗಿ ತೆರೆದದ್ದು ರಾಜಧಾನಿಯಿಂದ ದೂರದ ಬಡ ಊರುಗಳಲ್ಲಿ. ಸರ್ಕಾರ ಆ ದಾರಿಯನ್ನು ಪೂರ್ತಿ ಹಿಡಿದಾಗ ಗುರಿ ಮುಟ್ಟಿತು, ಅರ್ಧ ಹಿಡಿದಾಗ ದಾರಿ ತಪ್ಪಿತು.

ಹಿನ್ನೆಲೆ

ಮುಪ್ಪಿನವರ ಪಾಲನೆ ಮನೆಯ ಕರ್ತವ್ಯ ಎಂಬುದು ಜಪಾನಿನ ಹಳೆಯ ನೀತಿ. 1898ರಲ್ಲಿ ಜಾರಿಗೆ ಬಂದ ಕುಟುಂಬ ಕಾನೂನು ಕುಲದ ಯಜಮಾನನ ಅಧಿಕಾರವನ್ನೂ ಹೊಣೆಯನ್ನೂ ಗಟ್ಟಿ ಮಾಡಿತು. ಕೆಲಸ ಮಾತ್ರ ಹಿರಿಯ ಸೊಸೆಯ ತಲೆಗೆ ಬರುತ್ತಿತ್ತು. ಅತ್ತೆ ಮಾವಂದಿರಿಗೆ ಉಣಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಎಲ್ಲ ಅವಳದೇ. ದಿಕ್ಕಿಲ್ಲದವರಿಗಾಗಿ ಟೋಕಿಯೊದಲ್ಲಿ 1872ರಲ್ಲಿ ಯೊಯಿಕುಇನ್ ಎಂಬ ಆಶ್ರಯಧಾಮ ತೆರೆಯಿತು. ಉದ್ಯಮಿ ಶಿಬುಸಾವಾ ಎಯಿಚಿ ಸುಮಾರು ಅರ್ಧ ಶತಮಾನ ಅದರ ಚುಕ್ಕಾಣಿ ಹಿಡಿದಿದ್ದರು. ಇತಾಬಾಶಿಯಲ್ಲಿರುವ ಇಂದಿನ ವೃದ್ಧಾಪ್ಯ ಚಿಕಿತ್ಸೆ ಮತ್ತು ಸಂಶೋಧನ ಕೇಂದ್ರ ಬೆಳೆದು ಬಂದದ್ದು ಅದೇ ಬೇರಿನಿಂದ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಸರಾಸರಿ ಆಯುಸ್ಸು ಗಂಡಸರಿಗೆ 50, ಹೆಂಗಸರಿಗೆ 54 ವರ್ಷ. ಹೆಚ್ಚು ಜೀವ ತೆಗೆಯುತ್ತಿದ್ದ ರೋಗ ಕ್ಷಯ. ಔಷಧ ಬಂದು ಕ್ಷಯ ಹಿಂದೆ ಸರಿದಾಗ, 1951ರಲ್ಲಿ, ಆ ಜಾಗಕ್ಕೆ ಪಾರ್ಶ್ವವಾಯು ಬಂತು. ಮುಂದಿನ ಮೂರು ದಶಕ ಅದು ಅಲ್ಲಿಂದ ಕದಲಲಿಲ್ಲ. ಅದು ಕೊಂದವರಷ್ಟೇ ಅಲ್ಲ, ಕೊಲ್ಲದೆ ಹಾಸಿಗೆಗೆ ಕೆಡವಿದವರೂ ಅಸಂಖ್ಯ. ಆದ್ದರಿಂದ ಜಪಾನಿನಲ್ಲಿ ವೃದ್ಧರ ಆರೋಗ್ಯದ ಕಥೆ ಮೊದಲಾಗುವುದು ಲಕ್ವದ ವಿರುದ್ಧದ ಹೋರಾಟದಿಂದ.

ಉಪ್ಪಿನ ವಿರುದ್ಧ ಹೋರಾಟ

ಪಾರ್ಶ್ವವಾಯು ಅತಿ ಹೆಚ್ಚಾಗಿದ್ದದ್ದು ಈಶಾನ್ಯದ ಹಿಮನಾಡಿನಲ್ಲಿ, ಅದರಲ್ಲೂ ಅಕಿತಾ ಪ್ರಾಂತ್ಯದಲ್ಲಿ. ಚಳಿಗಾಲದ ತಿಂಗಳುಗಳಲ್ಲಿ ಹೊಲದಲ್ಲಿ ಹಸಿರಿಲ್ಲ. ಊಟವೆಂದರೆ ಅನ್ನ, ಉಪ್ಪಿನಲ್ಲಿ ಹಾಕಿಟ್ಟ ತರಕಾರಿ, ಉಪ್ಪು ಮೀನು, ಮಿಸೊ ಸಾರು. ಅಲ್ಲಿನ ರೈತರ ಹೊಟ್ಟೆಗೆ ದಿನಕ್ಕೆ 20 ಗ್ರಾಮಿಗೂ ಹೆಚ್ಚು ಉಪ್ಪು ಸೇರುತ್ತಿತ್ತು. ರಕ್ತದೊತ್ತಡ ಏರಲು ಇಷ್ಟು ಸಾಕಾಗಿತ್ತು, ಕೊರೆಯುವ ಮನೆಗಳು ಅದನ್ನು ಇನ್ನಷ್ಟು ಏರಿಸಿದವು.

1961ರಲ್ಲಿ ಕ್ಯೂಶೂ ವಿಶ್ವವಿದ್ಯಾಲಯ ಹಿಸಾಯಾಮಾ ಎಂಬ ಊರಿನ ನಿವಾಸಿಗಳನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನ ಆರಂಭಿಸಿತು. ಸತ್ತವರ ಶವಪರೀಕ್ಷೆಗೆ ಊರವರು ಒಪ್ಪಿದ್ದರಿಂದ ಸಾವಿನ ನಿಜವಾದ ಕಾರಣ ತಿಳಿಯುವಂತಾಯಿತು. 1963ರಿಂದ ಒಸಾಕಾದ ವೈದ್ಯರ ತಂಡವೊಂದು ಅಕಿತಾದ ಇಕಾವಾದಲ್ಲಿ ಊರವರ ರಕ್ತದೊತ್ತಡ ಅಳೆದು, ಹೆಚ್ಚಿದ್ದವರಿಗೆ ಔಷಧ ಕೊಟ್ಟು, ಅಡುಗೆ ತಿದ್ದುವ ಕೆಲಸ ಹಿಡಿಯಿತು.

ನಾಗಾನೊ ಪ್ರಾಂತ್ಯದ ಸಾಕು ಆಸ್ಪತ್ರೆಯ ವೈದ್ಯ ವಾಕಾತ್ಸುಕಿ ತೊಶಿಕಾಜು ಇದಕ್ಕೂ ಮೊದಲೇ ಹಳ್ಳಿಗಳ ದಾರಿ ಹಿಡಿದಿದ್ದರು. 1945ರಲ್ಲಿ ಅಲ್ಲಿಗೆ ಬಂದ ಅವರು ರೈತರು ಆಸ್ಪತ್ರೆಗೆ ಬರುವುದನ್ನು ಕಾಯುತ್ತ ಕೂರಲಿಲ್ಲ. ದಾದಿಯರೊಂದಿಗೆ ಹಳ್ಳಿಗೆ ಹೋಗಿ ತಪಾಸಣೆ ನಡೆಸಿ, ಸಂಜೆ ಆರೋಗ್ಯದ ನಾಟಕ ಆಡಿಸುತ್ತಿದ್ದರು. 1959ರಲ್ಲಿ ಯಾಚಿಹೊ ಹಳ್ಳಿಯ ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆ, ಪ್ರತಿಯೊಬ್ಬರಿಗೂ ಒಂದು ಆರೋಗ್ಯ ಪುಸ್ತಕ ಎಂಬ ಪದ್ಧತಿ ಶುರುವಾಯಿತು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಗಾನೊದ ಹೆಂಗಸರು ಆರೋಗ್ಯ ಸ್ವಯಂಸೇವಕಿಯರಾಗಿ ಮನೆಮನೆಯ ಸಾರಿನ ಉಪ್ಪು ಅಳೆದರು, ಮನೆಯಲ್ಲಿ ಒಂದು ಕೋಣೆಯನ್ನಾದರೂ ಬೆಚ್ಚಗಿಡಿ ಎಂದು ಹೇಳಿಕೊಟ್ಟರು. ಪಾರ್ಶ್ವವಾಯುವಿಗೆ ಕುಖ್ಯಾತವಾಗಿದ್ದ ನಾಗಾನೊದ ಗಂಡಸರು 1990ರಲ್ಲಿ ದೇಶದಲ್ಲೇ ಹೆಚ್ಚು ಆಯುಸ್ಸಿನವರೆನಿಸಿದರು.

ಸಾವಾಉಚಿಯ ಪ್ರಯೋಗ

ಇವಾತೆ ಪ್ರಾಂತ್ಯದ ಸಾವಾಉಚಿ ಚಳಿಗಾಲದಲ್ಲಿ ಆಳೆತ್ತರ ಮೀರುವ ಹಿಮದಲ್ಲಿ ಹೂತುಹೋಗುವ ಹಳ್ಳಿ. ವೈದ್ಯರಿರಲಿಲ್ಲ, ರಸ್ತೆ ಮುಚ್ಚಿಹೋಗುತ್ತಿತ್ತು. ಮುದುಕರು ಮನೆಯವರ ಖರ್ಚಿಗೆ ಹೆದರಿ ನೋವನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. 1957ರಲ್ಲಿ ಹಳ್ಳಿಯ ಮುಖ್ಯಸ್ಥರಾದ ಫುಕಾಜಾವಾ ಮಾಸಾವೊ ಹಿಮ ತೆಗೆಯಲು ಬುಲ್ಡೋಜರ್ ಕೊಂಡರು, ವೈದ್ಯರನ್ನು ಕರೆತಂದರು, ಆರೋಗ್ಯ ದಾದಿಯರನ್ನು ನೇಮಿಸಿ ಮನೆಮನೆಗೆ ಕಳಿಸಿದರು. 1960ರ ಡಿಸೆಂಬರಿನಲ್ಲಿ 65 ದಾಟಿದವರಿಗೆ ಚಿಕಿತ್ಸೆ ಉಚಿತವಾಯಿತು. ಮರುವರ್ಷ 60 ದಾಟಿದವರಿಗೂ ಒಂದು ವರ್ಷ ತುಂಬದ ಕೂಸುಗಳಿಗೂ ಈ ಸೌಲಭ್ಯ ವಿಸ್ತರಿಸಿತು. ಇದು ವಿಮಾ ಕಾನೂನಿಗೆ ವಿರುದ್ಧವೆಂದು ಮೇಲಧಿಕಾರಿಗಳು ತಕರಾರು ತೆಗೆದಾಗ ಫುಕಾಜಾವಾ ಸಂವಿಧಾನದ 25ನೆಯ ವಿಧಿಯನ್ನು ಮುಂದಿಟ್ಟರು. ಆರೋಗ್ಯವಂತ ಬದುಕು ಪ್ರಜೆಯ ಹಕ್ಕು ಎನ್ನುತ್ತದೆ ಆ ವಿಧಿ. 1962ರಲ್ಲಿ ಆ ಹಳ್ಳಿಯಲ್ಲಿ ಒಂದು ಶಿಶುವೂ ಸಾಯಲಿಲ್ಲ.

ಸಾವಾಉಚಿಯಲ್ಲಿ ಉಚಿತ ಚಿಕಿತ್ಸೆ ಒಂಟಿಯಾಗಿ ಬರಲಿಲ್ಲ. ಮನೆ ಬಾಗಿಲಿಗೆ ಬರುವ ದಾದಿ, ವರ್ಷದ ತಪಾಸಣೆ, ತೆರವಾದ ರಸ್ತೆ ಅದರ ಜೊತೆಗಿದ್ದವು. ಮುಂದೆ ದೇಶ ಮರೆತದ್ದು ಈ ಜೊತೆಗಾರಿಕೆಯನ್ನೇ.

ಉಚಿತ ಚಿಕಿತ್ಸೆಯ ದಶಕ

1961ರ ಏಪ್ರಿಲ್‌ನಲ್ಲಿ ಎಲ್ಲ ಪ್ರಜೆಗಳೂ ಆರೋಗ್ಯ ವಿಮೆಯ ವ್ಯಾಪ್ತಿಗೆ ಬಂದರು. 1963ರ ವೃದ್ಧರ ಕಲ್ಯಾಣ ಕಾಯಿದೆ ಆರೈಕೆ ಧಾಮಗಳಿಗೂ ಮನೆ ಸಹಾಯಕಿಯರಿಗೂ ಕಾನೂನಿನ ನೆಲೆ ಕೊಟ್ಟಿತು. ಆ ವರ್ಷ ನೂರು ದಾಟಿದವರು ದೇಶದಲ್ಲಿ 153 ಮಂದಿ. ಸರ್ಕಾರ ಅವರಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಗೌರವಿಸಿತು.

1969ರಲ್ಲಿ ಟೋಕಿಯೊ ನಗರಾಡಳಿತ, 1973ರ ಜನವರಿಯಲ್ಲಿ ಇಡೀ ದೇಶ, 70 ದಾಟಿದವರಿಗೆ ಉಚಿತ ಚಿಕಿತ್ಸೆ ಜಾರಿಗೊಳಿಸಿದವು. ಹಣದ ಭಯದಿಂದ ನೋವು ನುಂಗುತ್ತಿದ್ದ ಹಿರಿಯರಿಗೆ ಅದು ದೊಡ್ಡ ಬಿಡುಗಡೆ. ಆದರೆ ಮನೆಗೆ ಬರುವ ದಾದಿಯರ ಮತ್ತು ಸಹಾಯಕಿಯರ ಬಲ ಅದೇ ವೇಗದಲ್ಲಿ ಬೆಳೆಯಲಿಲ್ಲ. ಚಿಕಿತ್ಸೆ ಮುಗಿದರೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದರು. ‘ಸಾಮಾಜಿಕ ಕಾರಣದ ದಾಖಲಾತಿ’ ಎಂದು ಅದಕ್ಕೆ ಹೆಸರು ಬಿತ್ತು. ಎಬ್ಬಿಸಿ ನಡೆಸುವವರಿಲ್ಲದೆ ಮಲಗಿದವರು ಮಲಗಿಯೇ ಇದ್ದು, ಕಾಲಿನ ಬಲ ಕಳೆದುಕೊಂಡರು.

1982ರಲ್ಲಿ ಅಂಗೀಕಾರವಾಗಿ 1983ರ ಫೆಬ್ರವರಿಯಲ್ಲಿ ಜಾರಿಗೆ ಬಂದ ವೃದ್ಧರ ಆರೋಗ್ಯ ಕಾಯಿದೆ ಇದನ್ನು ತಿದ್ದಲು ಹೊರಟಿತು. ಹೊರರೋಗಿಗೆ ತಿಂಗಳಿಗೆ 400 ಯೆನ್‌ನಂಥ ಚಿಕ್ಕ ಶುಲ್ಕ ಬಂತು. ಅದಕ್ಕಿಂತ ಮುಖ್ಯವಾಗಿ, 40 ದಾಟಿದ ಪ್ರತಿಯೊಬ್ಬರಿಗೂ ತಪಾಸಣೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. ಮುಪ್ಪಿನ ಆರೋಗ್ಯ ನಡುವಯಸ್ಸಿನಲ್ಲೇ ನಿರ್ಧಾರವಾಗುತ್ತದೆ ಎಂಬ ಯಾಚಿಹೊ ಹಳ್ಳಿಯ ತಿಳಿವಳಿಕೆ ಹೀಗೆ ದೇಶದ ಕಾನೂನಾಯಿತು.

ಸೊಸೆಯ ಹೆಗಲಿನ ಭಾರ

1972ರಲ್ಲಿ ಲೇಖಕಿ ಅರಿಯೊಶಿ ಸಾವಾಕೊ ಮರೆವಿನ ಕಾಯಿಲೆಗೆ ಒಳಗಾದ ಮಾವನನ್ನು ನೋಡಿಕೊಳ್ಳುವ, ಕೆಲಸಕ್ಕೂ ಹೋಗುವ ಸೊಸೆಯ ಕಾದಂಬರಿ ಪ್ರಕಟಿಸಿದರು. ಅದು ಅಪಾರವಾಗಿ ಮಾರಾಟವಾಯಿತು, ಮನೆಯ ನಾಲ್ಕು ಗೋಡೆಗಳೊಳಗಿನ ಬವಣೆ ಬೀದಿಯ ಮಾತಾಯಿತು. 1980ರಲ್ಲಿ ಕ್ಯೋಟೊದಲ್ಲಿ ಇಂಥ ರೋಗಿಗಳ ಕುಟುಂಬಗಳು ಸಂಘ ಕಟ್ಟಿಕೊಂಡವು. 1983ರಲ್ಲಿ ಹಿಗುಚಿ ಕೆಯಿಕೊ ಮುಂತಾದವರ ಮಹಿಳಾ ಸಂಘಟನೆ, ಆರೈಕೆಯನ್ನು ಸಮಾಜ ಹೊರಬೇಕೆಂಬ ಬೇಡಿಕೆ ಮುಂದಿಟ್ಟಿತು. 1990ರಲ್ಲಿ ಪತ್ರಕರ್ತೆ ಓಕುಮಾ ಯುಕಿಕೊ ತಮ್ಮ ಪುಸ್ತಕದಲ್ಲಿ, ‘ಹಾಸಿಗೆ ಹಿಡಿದ ಮುದುಕರು’ ಎಂಬ ವರ್ಗವೇ ಇಲ್ಲದ ಉತ್ತರ ಯೂರೋಪಿನ ಆರೈಕೆಯನ್ನು ಜಪಾನಿನ ಸ್ಥಿತಿಗೆ ಎದುರಾಗಿ ಇಟ್ಟು ತೋರಿಸಿದರು.

1989ರ ಡಿಸೆಂಬರಿನ ‘ಸುವರ್ಣ ಯೋಜನೆ’ ಹತ್ತು ವರ್ಷಗಳಲ್ಲಿ 1 ಲಕ್ಷ ಮನೆ ಸಹಾಯಕರು, 10,000 ಹಗಲು ಆರೈಕೆ ಕೇಂದ್ರಗಳು, ತಾತ್ಕಾಲಿಕ ವಾಸಕ್ಕೆ 50,000 ಹಾಸಿಗೆಗಳ ಗುರಿ ಹಾಕಿಕೊಂಡಿತು. ‘ಹಾಸಿಗೆ ಹಿಡಿದವರು ಸೊನ್ನೆ’ ಎಂಬುದು ಅದರ ಘೋಷಣೆಗಳಲ್ಲಿ ಒಂದು. 80ರ ವಯಸ್ಸಿನಲ್ಲೂ 20 ಹಲ್ಲು ಉಳಿಸಿಕೊಳ್ಳೋಣ ಎಂಬ ‘8020’ ಆಂದೋಲನವೂ ಅದೇ ವರ್ಷದ್ದು. ಆಗ ಅಂಥವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದರು.

ಆರೈಕೆ ವಿಮೆ

1997ರ ಡಿಸೆಂಬರಿನಲ್ಲಿ ಅಂಗೀಕಾರವಾದ ಆರೈಕೆ ವಿಮಾ ಕಾಯಿದೆ 2000ದ ಏಪ್ರಿಲ್ 1ರಂದು ಜಾರಿಗೆ ಬಂತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಖರ್ಚಿನ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ಸೇವೆ ಪಡೆದವರು ಬೆಲೆಯ ಹತ್ತನೆಯ ಒಂದು ಭಾಗ ಕೊಡಬೇಕು; ಹೆಚ್ಚು ಆದಾಯವಿದ್ದವರ ಪಾಲನ್ನು ನಂತರ ಏರಿಸಲಾಯಿತು. ಅರ್ಜಿ ಬಂದಾಗ ಆಡಳಿತದ ಪರವಾಗಿ ಒಬ್ಬರು ಮನೆಗೆ ಬಂದು ಮಗ್ಗುಲು ಬದಲಿಸಬಲ್ಲರೆ, ಎದ್ದು ಕೂರಬಲ್ಲರೆ, ಹೆಸರು ನೆನಪಿದೆಯೆ ಎಂದು ವಿಚಾರಿಸುತ್ತಾರೆ. ಕಂಪ್ಯೂಟರ್ ಮೊದಲ ಅಂದಾಜು ಕೊಡುತ್ತದೆ, ವೈದ್ಯರಿರುವ ಸಮಿತಿ ದರ್ಜೆ ನಿರ್ಧರಿಸುತ್ತದೆ. ಆ ದರ್ಜೆಯ ಮಿತಿಯೊಳಗೆ ಯಾವ ಸೇವೆ ಬೇಕೆಂಬುದನ್ನು ಆರೈಕೆ ಯೋಜಕರ ಸಹಾಯದಿಂದ ಹಿರಿಯರೇ ಆರಿಸಿಕೊಳ್ಳುತ್ತಾರೆ.

ಜರ್ಮನಿಯ ವಿಮೆ ಕುಟುಂಬಕ್ಕೆ ನಗದನ್ನೂ ಕೊಡುತ್ತದೆ. ಜಪಾನ್ ಕೊಡಲಿಲ್ಲ. ನಗದು ಬಂದರೆ ಸೊಸೆ ಮತ್ತೆ ಹಾಸಿಗೆಯ ಪಕ್ಕಕ್ಕೇ ಕಟ್ಟುಬೀಳುತ್ತಾಳೆ ಎಂಬ ಮಹಿಳೆಯರ ವಾದಕ್ಕೆ ಅಲ್ಲಿ ಬೆಲೆ ಸಿಕ್ಕಿತು. ಆರಂಭದಲ್ಲಿ ಸುಮಾರು 22 ಲಕ್ಷ ಮಂದಿ ಆರೈಕೆಗೆ ಅರ್ಹರೆಂದು ಗುರುತಾಗಿದ್ದರು, 20 ವರ್ಷಗಳಲ್ಲಿ ಆ ಸಂಖ್ಯೆ 65 ಲಕ್ಷ ಮೀರಿತು. ಹಿರಿಯರ ಸರಾಸರಿ ಮಾಸಿಕ ಕಂತು 2,911 ಯೆನ್‌ನಿಂದ 2024ರಲ್ಲಿ 6,225 ಯೆನ್‌ಗೆ ಏರಿತು.

ಮರೆವಿನ ಕಾಯಿಲೆ ಮತ್ತು ಭಾಷೆ

ಮರೆವಿನ ಕಾಯಿಲೆಗೆ ಜಪಾನೀ ಭಾಷೆಯಲ್ಲಿ ‘ಚಿಹೊ’ ಎಂಬ ಪದವಿತ್ತು. ಅದರ ಅಕ್ಷರಗಳಲ್ಲೇ ಹೆಡ್ಡತನದ ಅರ್ಥವಿತ್ತು. ನಾಚಿಕೆಯಿಂದ ಮನೆಯವರು ರೋಗಿಯನ್ನು ಬಚ್ಚಿಡುತ್ತಿದ್ದರು, ವೈದ್ಯರ ಬಳಿ ತಡವಾಗಿ ಹೋಗುತ್ತಿದ್ದರು. 2004ರ ಡಿಸೆಂಬರಿನಲ್ಲಿ ಸರ್ಕಾರ ಆ ಪದ ಬಿಟ್ಟು, ಅರಿವಿನ ತೊಂದರೆ ಎಂಬರ್ಥದ ‘ನಿನ್ಚಿಶೊ’ ಪದವನ್ನು ಸ್ವೀಕರಿಸಿತು. 2005ರಿಂದ ಬ್ಯಾಂಕಿನವರು, ಅಂಗಡಿಯವರು, ಶಾಲಾ ಮಕ್ಕಳು ಸುಮಾರು ಒಂದೂವರೆ ಗಂಟೆಯ ಪಾಠ ಕೇಳಿ ‘ಬೆಂಬಲಿಗ’ರಾಗುವ ಕಾರ್ಯಕ್ರಮ ನಡೆಯುತ್ತಿದೆ. ಹಾಗೆ ತರಬೇತಾದವರು ಕೋಟಿ ಮೀರಿದ್ದಾರೆ. 2023ರಲ್ಲಿ ಈ ಕಾಯಿಲೆಯವರ ಘನತೆ ಕಾಯುವ ಮೂಲ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು.

ಮತ್ತೆ ಊರಿನ ಕಡೆಗೆ

ವಿಮೆಯ ಖರ್ಚು ಏರಿದಂತೆ ಗಮನ ಮತ್ತೆ ತಡೆಗಟ್ಟುವ ಕೆಲಸಕ್ಕೆ ಹೊರಳಿತು. 2006ರಿಂದ ಆರೋಗ್ಯ ದಾದಿ, ಸಮಾಜ ಕಾರ್ಯಕರ್ತ, ಆರೈಕೆ ಯೋಜಕ ಒಂದೇ ಸೂರಿನಡಿ ಸಿಗುವ ಸಮಗ್ರ ನೆರವು ಕೇಂದ್ರಗಳು ದೇಶದಾದ್ಯಂತ ತೆರೆದವು. ಚಿಕಿತ್ಸೆ, ಆರೈಕೆ, ತಡೆ, ವಸತಿ, ನೆರವು ಇವೆಲ್ಲ ಮನೆಯಿಂದ ಅರ್ಧ ಗಂಟೆಯೊಳಗೆ ಸಿಗಬೇಕೆಂಬುದು ಮುಂದಿನ ಗುರಿಯಾಯಿತು.

ಈ ಬಾರಿಯೂ ದಾರಿ ತೋರಿದ್ದು ರಾಜಧಾನಿಯಿಂದ ದೂರದ ಊರುಗಳು. ಕೋಚಿ ನಗರದಲ್ಲಿ 2002ರಲ್ಲಿ ಹುಟ್ಟಿದ ‘ಶತಾಯುಷಿ ವ್ಯಾಯಾಮ’ಕ್ಕೆ ಬೇಕಾದದ್ದು ಒಂದು ಕುರ್ಚಿ, ಕೈಕಾಲಿಗೆ ಕಟ್ಟುವ ಸಣ್ಣ ತೂಕದ ಪಟ್ಟಿ. ನಡೆಸುವವರು ಊರಿನ ಹಿರಿಯರೇ. ಐಚಿ ಪ್ರಾಂತ್ಯದ ತಾಕೆತೊಯೊದಲ್ಲಿ 2007ರಿಂದ ಸ್ವಯಂಸೇವಕರು ನಡಿಗೆಯ ದೂರದಲ್ಲಿ ಹರಟೆ, ಹಾಡು, ಆಟದ ಕೂಟಗಳನ್ನು ತೆರೆದರು. ಕೂಟಕ್ಕೆ ಬರುತ್ತಿದ್ದವರಲ್ಲಿ ಆರೈಕೆ ಬೇಕಾಗುವ ಸ್ಥಿತಿಗೆ ಇಳಿದವರು, ಬಾರದವರಿಗೆ ಹೋಲಿಸಿದರೆ ಅರ್ಧದಷ್ಟು ಎಂದು ಅಧ್ಯಯನ ಕಂಡುಕೊಂಡಿತು.

ಇಂದಿನ ಸ್ಥಿತಿ

2019ರ ಲೆಕ್ಕದಲ್ಲಿ ಜಪಾನೀಯರ ಒಟ್ಟು ಆಯುಸ್ಸಿಗೂ ಆರೋಗ್ಯವಂತ ಆಯುಸ್ಸಿಗೂ ನಡುವಿನ ಅಂತರ ಗಂಡಸರಲ್ಲಿ ಸುಮಾರು 9, ಹೆಂಗಸರಲ್ಲಿ ಸುಮಾರು 12 ವರ್ಷ. ಆಯುಸ್ಸು ಹೆಚ್ಚಿಸುವುದಕ್ಕಿಂತ ಈ ಅಂತರ ಕುಗ್ಗಿಸುವುದೇ ಈಗಿನ ನೀತಿಯ ಅಳತೆಗೋಲು. ಆರೈಕೆ ಮಾಡುವ ಕೈಗಳು ಸಾಲದೆ ಇಂಡೊನೇಷ್ಯಾ, ಫಿಲಿಪೀನ್ಸ್, ವಿಯೆಟ್ನಾಂಗಳಿಂದ ಕೆಲಸಗಾರರು ಬರುತ್ತಿದ್ದಾರೆ. 2021ರಲ್ಲಿ ಭಾರತದೊಡನೆಯೂ ನುರಿತ ಕೆಲಸಗಾರರ ಒಪ್ಪಂದವಾಗಿದೆ. ನೂರು ದಾಟಿದವರ ಸಂಖ್ಯೆ 2024ರಲ್ಲಿ 95,119. ಖರ್ಚು ತಾಳಲಾರದೆ 2016ರಲ್ಲೇ ಗೌರವದ ಬಟ್ಟಲು ಅಪ್ಪಟ ಬೆಳ್ಳಿಯಿಂದ ಬೆಳ್ಳಿ ಲೇಪನಕ್ಕೆ ಬದಲಾಗಿತ್ತು.

ಸಾವಾಉಚಿ 2005ರಲ್ಲಿ ನೆರೆಯ ಪಟ್ಟಣದೊಡನೆ ಸೇರಿ ನಿಶಿವಾಗಾ ಎನಿಸಿತು. ಈಗ ಅಲ್ಲಿನ ನಿವಾಸಿಗಳಲ್ಲಿ ಅರ್ಧದಷ್ಟು ಮಂದಿ 65 ದಾಟಿದವರು. ಒಂದು ಕೂಸೂ ಸಾಯದ 1962ರಲ್ಲಿ ಅಲ್ಲಿ ಹುಟ್ಟಿದವರಿಗೆ 2027ರಲ್ಲಿ 65 ತುಂಬುತ್ತದೆ.