ವಿಕೆಟ್ ಬೇಕು, ಕ್ಯಾಪ್ಟನ್ ಬೇಡ: ಪಾಲ್ವಣಕರ್ ಬಾಳೂ ಕಥೆ

1/5
ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕ್ರಿಕೆಟ್ ಗ್ಯಾಂಗಿಗೆ ಒಂದು ಪ್ರಶ್ನೆ. ಭಾರತದ ಮೊದಲ ದೊಡ್ಡ ಸ್ಪಿನ್ನರ್ ಯಾರು? ಪ್ರಸನ್ನ, ಚಂದ್ರಶೇಖರ್ ಅಂತೀರಿ. ಅವರಿಗಿಂತ ಎಷ್ಟೋ ಮುಂಚೆ, 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ಪಾಲ್ವಣಕರ್ ಬಾಳೂ. ಊರವರು ಮುಟ್ಟಿಸಿಕೊಳ್ಳದ ಚಮ್ಮಾರ ಸಮುದಾಯದವರು. ಆಡೋ ಚೆಂಡು ಮಾತ್ರ ಚರ್ಮದ್ದೇ!

2/5
ನಾನು ಬಿಕಾಂ ಅಲ್ವಾ, ಸಂಬಳದಿಂದಲೇ ಶುರು ಮಾಡ್ತೀನಿ. ಪುಣೆಯ ಯುರೋಪಿಯನ್ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ. ಪಿಚ್ ನೋಡ್ಕೊಳ್ಳೋದು, ನೆಟ್ ಕಟ್ಟೋದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡೋದು. ಅಲ್ಲಿನ ದೊಡ್ಡ ಬ್ಯಾಟ್ಸ್‌ಮನ್ ಗ್ರೆಗ್, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡ್ತಿದ್ದನಂತೆ. ಬ್ಯಾಟಿಂಗ್ ಅವಕಾಶ ಮಾತ್ರ ಕೊಡ್ತಿರಲಿಲ್ಲ.

3/5
ಯುರೋಪಿಯನ್ನರನ್ನು ಸೋಲಿಸಬೇಕು ಅಂತ ಹಿಂದೂ ತಂಡದವರು ಬಾಳೂನ ಸೇರಿಸ್ಕೊಂಡ್ರು. ಮೈದಾನದಲ್ಲಿ ಅದೇ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಬಾಳೂಗೆ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1906ರಲ್ಲಿ ಮುಂಬೈಯಲ್ಲಿ ಹಿಂದೂಗಳು 109 ರನ್‌ಗಳಿಂದ ಗೆದ್ದಾಗ ಗೆಲುವಿನ ದೊಡ್ಡ ಪಾಲು ಇದೇ ಬೌಲರ್‌ದು.

4/5
1911, ಇಂಗ್ಲೆಂಡ್ ಪ್ರವಾಸ. ಕ್ಯಾಪ್ಟನ್ ಪಟಿಯಾಲಾ ಮಹಾರಾಜ. 23 ಪಂದ್ಯ, 15 ಸೋಲು. ಅಂಥಾ ತಂಡದಲ್ಲೂ ಬಾಳೂ 114 ವಿಕೆಟ್, ಸರಾಸರಿ 19ಕ್ಕಿಂತ ಕಡಿಮೆ! ಇಡೀ ಫಸ್ಟ್ ಕ್ಲಾಸ್ ಲೆಕ್ಕ: 33 ಪಂದ್ಯ, 179 ವಿಕೆಟ್. ಅಂದ್ರೆ ಪ್ರತಿ ಪಂದ್ಯಕ್ಕೆ ಐದಕ್ಕೂ ಜಾಸ್ತಿ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಅಷ್ಟೊತ್ತಿಗೆ ಅವರಿಗೆ 56 ವರ್ಷ.

5/5
ಇಷ್ಟೆಲ್ಲ ಮಾಡಿದ ಸೀನಿಯರ್‌ಗೆ ಹಿಂದೂ ತಂಡದ ಕ್ಯಾಪ್ಟನ್ಸಿ ಸಿಗಲೇ ಇಲ್ಲ. ಪ್ರತಿ ಸಲ ಮೇಲ್ಜಾತಿಯ ಯಾರೋ ಒಬ್ಬರು. 1920ರಲ್ಲಿ ಬಾಳೂನನ್ನೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಪ್ರತಿಭಟಿಸಿದರು. 1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದರು, ಹಿಂದೂಗಳು ಕಪ್ ಗೆದ್ದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೀತು.

ಮುಂದೆ 1932ರ ಪೂನಾ ಒಪ್ಪಂದಕ್ಕೆ ಬಾಳೂ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ನಿಂತು ಸೋತರು. ತೀರಿಕೊಂಡಿದ್ದು 1955ರಲ್ಲಿ.

ಪ್ರತಿಭೆ ಇದ್ದರೆ ಜಾತಿ ತಾನಾಗೇ ಹೋಗುತ್ತೆ ಅನ್ನೋರು ಈ ಲೆಕ್ಕ ನೋಡ್ಬೇಕು. 114 ವಿಕೆಟ್ ಕೂಡ ಸಾಕಾಗಲಿಲ್ಲ. ತಮ್ಮಂದಿರು ‘ನಾವು ಆಡಲ್ಲ’ ಅಂದಾಗಲೇ ಸ್ವಲ್ಪ ಅಲುಗಾಡಿತು.

ನಿಮ್ಮ ಟೀಮಲ್ಲಿ ವಿಕೆಟ್ ತೆಗೆಯೋರು ಯಾರು, ಟಾಸ್‌ಗೆ ಹೋಗೋರು ಯಾರು? ಯೋಚನೆ ಮಾಡಿ. ಇಷ್ಟ ಆದ್ರೆ ಸೇವ್ ಮಾಡಿ, ಕ್ಲಾಸ್ ಗ್ರೂಪಿಗೂ ಹಾಕಿ.

#ಪಾಲ್ವಣಕರ್‌ಬಾಳೂ #ಧಾರವಾಡ #ಕ್ರಿಕೆಟ್‌ಇತಿಹಾಸ