ಮೂರರ ಮಗ್ಗಿಗೆ ಜಾಜ್ ಲಯ: ಬಾಬ್ ಡರೋ (1923–2018)

ಅಮೆರಿಕದ ಅರ್ಕನ್ಸಾದಲ್ಲಿ ಹುಟ್ಟಿದ ಬಾಬ್ ಡರೋ ಪಿಯಾನೊ ನುಡಿಸುತ್ತಲೇ ಹಾಡುತ್ತಿದ್ದ ಜಾಜ್ ಕಲಾವಿದ. 1962ರಲ್ಲಿ ಜಾಜ್ ದಿಗ್ಗಜ ಮೈಲ್ಸ್ ಡೇವಿಸ್ ಕೂಡ ಅವರಿಂದ ಹಾಡಿಸಿದ್ದರು.

ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದರ ಡೇವಿಡ್ ಮೆಕಾಲ್ ಅವರ ಮಗನಿಗೆ ರಾಕ್ ಹಾಡುಗಳು ಬಾಯಿಪಾಠ. ಮಗ್ಗಿ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಮಗ್ಗಿಯನ್ನೇ ಹಾಡು ಮಾಡಿಕೊಡಿ ಎಂಬ ಕೋರಿಕೆ ಡರೋ ಅವರ ಬಳಿ ಬಂತು. ಅವರು ಕಟ್ಟಿದ್ದು ‘ತ್ರೀ ಈಸ್ ಎ ಮ್ಯಾಜಿಕ್ ನಂಬರ್’. ಕಿವಿಗೊಟ್ಟು ಕೇಳಿ: ಮೂರು, ಆರು, ಒಂಬತ್ತು ಒಂದು ಗೊಂಚಲು; ಹನ್ನೆರಡು, ಹದಿನೈದು, ಹದಿನೆಂಟು ಇನ್ನೊಂದು. ಮೂವತ್ತನ್ನು ಮುಟ್ಟಿದ ಮಗ್ಗಿ, ಆಮೇಲೆ ಹಿಂದುಹಿಂದಕ್ಕೂ ಎಣಿಸಿಕೊಳ್ಳುತ್ತದೆ. ಉರುಹೊಡೆಯುವ ಬೇಸರವೇ ಇಲ್ಲ.

1973ರಿಂದ ಎಬಿಸಿ ವಾಹಿನಿಯಲ್ಲಿ, ಶನಿವಾರ ಬೆಳಗಿನ ಕಾರ್ಟೂನುಗಳ ನಡುವೆ, ಇಂಥ ಪಾಠದ ಹಾಡುಗಳಿರುವ ಸುಮಾರು ಮೂರು ನಿಮಿಷದ ‘ಸ್ಕೂಲ್‌ಹೌಸ್ ರಾಕ್’ ತುಣುಕುಗಳು ಬರತೊಡಗಿದವು. ಮಕ್ಕಳ ಪಾಠವೆಂದು ಡರೋ ಸಂಗೀತವನ್ನು ಸಪ್ಪೆ ಮಾಡಲಿಲ್ಲ. ಅವರ ದೊಡ್ಡತನ ಇರುವುದು ಇಲ್ಲೇ. ಜಾಜ್ ಲೋಕದ ಗೆಳೆಯರೂ ಜೊತೆಗೂಡಿದರು. ಎಂಟರ ಮಗ್ಗಿ ಬ್ಲಾಸಮ್ ಡಿಯರಿಯ ಎಳೆಯ ದನಿಯಲ್ಲಿ ಮೂಡಿತು. ಪದಗಳನ್ನು ಜೋಡಿಸುವ ಅವ್ಯಯಗಳ ವ್ಯಾಕರಣ ಪಾಠವನ್ನು ಟ್ರಂಪೆಟ್ ವಾದಕ ಜಾಕ್ ಶೆಲ್ಡನ್ ಹಾಡಿದರು.